ಇಪ್ಪತ್ತೊಂದು ಬೋಕಿಗಳು

ವೀರೇಶನ ಬೇಸ್‌ಮೆಂಟಿನ ಮೇಜಿನ ಮೇಲಿದ್ದ ಇಪ್ಪತ್ತೊಂದು ಮಡಕೆ ಚೂರುಗಳು ಶನಿವಾರ ಬೆಳಿಗ್ಗೆ ನೋಡಿದರೆ ಮಾಯವಾಗಿದ್ದವು. ಬೇರೆಯವರ ಮನೆಯಲ್ಲಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಒಡೆದ ಮಡಕೆ ಕಳೆಯಿತೆಂದು ಯಾರಾದರೂ ಎದೆ ಬಡಿದುಕೊಳ್ಳುತ್ತಾರೆಯೇ? ವೀರೇಶ ಮಾತ್ರ ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಮಾಡಿದ.

ವಾರವಿಡೀ ಮಿಶಿಗನ್ನಿನ ವಾರೆನ್ ಊರಿನ ಆಫೀಸಿನಲ್ಲಿ ಕಾರಿನ ಬಾಗಿಲುಗಳ ನಕ್ಷೆ ಬರೆಯುವ ಈ ಇಂಜಿನಿಯರಿಗೆ ಎರಡು ವರ್ಷದಿಂದ ಉತ್ಖನನದ ಹುಚ್ಚು. ಮಂಗಳವಾರ ಸಂಜೆಯಾದರೆ ಕಾಲೇಜಿನ ಕ್ಲಾಸಿಗೆ ಓಡುತ್ತಿದ್ದ. ಪಾಠ ಹೇಳುವ ಡಾ. ಹೆಸ್ಟರ್ ಇಂಗ್ಲೆಂಡಿನ ಮಾರ್‌ಬ್ರಿಜ್ ಎಂಬ ಸಂತೆಯೂರನ್ನು ಆರು ಬೇಸಿಗೆ ಅಗೆದಿದ್ದ ಹೆಂಗಸು. ನಾನೂರು ವರ್ಷಗಳ ಹಿಂದೆ ಬರೀ ಬಯಲಾಗಿದ್ದ ಸಂತೆಯ ಜಾಗದಲ್ಲಿ ಸಾಲು ಸಾಲು ಅಂಗಡಿಗಳು ಎದ್ದು ಊರು ಹೇಗೆ ಬೆಳೆಯಿತು ಎಂಬುದು ಅವರ ಜೀವಮಾನದ ಪ್ರಶ್ನೆ. ಬರುವ ಜುಲೈಯಲ್ಲಿ ಮತ್ತೆ ಅಗೆಯಲು ಹೊರಟಿದ್ದರು. ಜೊತೆಗೆ ಬರುವವರ ಪಟ್ಟಿಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದು ತನಗೇ ಎಂದು ವೀರೇಶ ಆಫೀಸಿನಲ್ಲಿ ರಜೆಯನ್ನೂ ಹಾಕಿಬಿಟ್ಟಿದ್ದ.

ಹೆಸ್ಟರ್ ಮಾರ್‌ಬ್ರಿಜ್‌ನ ಆ ಚೂರುಗಳನ್ನು ವೀರೇಶನಿಗೆ ಪರೀಕ್ಷೆಯೆಂದು ಕೊಟ್ಟು, ಹಳೆಯದರಿಂದ ಹೊಸದಕ್ಕೆ ಕ್ರಮವಾಗಿ ಜೋಡಿಸಿಡಲು ಹೇಳಿದ್ದರು. ಇವತ್ತು ಒಂದು ಗಂಟೆಗೆ ಬಂದು ನೋಡುವವರಿದ್ದರು. ಹೊಟ್ಟೆ ತುಂಬಿದ ಪರೀಕ್ಷಕರು ಕೈಬಿಚ್ಚಿ ಅಂಕ ಕೊಡುತ್ತಾರೆಂದು ವೀರೇಶ ಊಟಕ್ಕೂ ಕರೆದಿದ್ದ.

"ಅವ್ವಾ! ಇಲ್ಲಿದ್ದ ಬೋಕಿ ಎಲ್ಲಿ ಹೋದ್ವು?"

ಆರು ತಿಂಗಳಿಗೆಂದು ಕೊಪ್ಪಳದಿಂದ ಬಂದಿದ್ದ ಶಿವಲಿಂಗಮ್ಮ ಒಲೆಯ ಮುಂದಿನಿಂದ ಕದಲಲಿಲ್ಲ. "ಒಡದ ಬೋಕಿ ಮನ್ಯಾಗ ಇಡಬಾರ್ದಪ್ಪಾ, ದರಿದ್ರ ಬರ್ತೈತಿ. ಅದರಾಗ ನೀ ಬಟ್ಟಿ ಹಾಸಿ, ಪೂಜಾಕ್ಕ ಇಟ್ಟಂಗ ಇಟ್ಟಿದ್ದಿ!"

"ಕಸಕ್ಕ ಹಾಕಿದಿ ಏನು?"

"ಕಸಕ್ಕ ಯಾಕ ಹಾಕ್ಲಿ? ನಿನ್ನೆ ಕರಿಬೇವಿನ ಸಸಿ ಹಚ್ಚಿದ್ನಲ್ಲ, ಕುಂಡದ ತಳಕ್ಕ ಹಾಕೀನಿ. ನೀರು ಬಸೀಬೇಕಲ್ಲ?"

ವೀರೇಶ ಅರ್ಧ ಉಸಿರು ಬಿಟ್ಟ. ಪೂರ್ತಿ ಬಿಡುವ ಹಾಗಿರಲಿಲ್ಲ, ಯಾಕೆಂದರೆ ಕುಂಡಗಳು ಮೂರು, ಮನೆಯಲ್ಲಿದ್ದದ್ದು ಒಂದು. ಉಳಿದೆರಡನ್ನು ಅವ್ವ ನಿನ್ನೆ ಸಂಜೆಯೇ ಪಕ್ಕದ ಮನೆಯ ಪದ್ಮಜಾಗೂ ಎದುರುಮನೆಯ ಗುಲ್‌ಶನ್‌ಗೂ ಕೊಟ್ಟಾಗಿತ್ತು. ಮಿಶಿಗನ್ನಿನ ಚಳಿಯಲ್ಲಿ ಕರಿಬೇವಿನ ಗಿಡ ಕೊಟ್ಟು ವಾಪಸ್ ಕೇಳುವುದೆಂದರೆ ಕನ್ಯಾದಾನ ಮಾಡಿದ ಮಗಳನ್ನು ವಾಪಸ್ ಕೇಳಿದ ಹಾಗೆ.

ಮನೆಯ ಕುಂಡದಲ್ಲಿ ಏಳು ಚೂರು ಸಿಕ್ಕವು. ಗಂಟೆ ಹತ್ತಾಗಿತ್ತು. ಮಣ್ಣಿನ ಕೈಯಲ್ಲೇ ಅವನು ಪದ್ಮಜಾಳ ಬಾಗಿಲು ಬಡಿದ.

ಮೈಸೂರಿನ ಪದ್ಮಜಾ ಕುಂಡಕ್ಕೆ ಆಗಲೇ ಕುಂಕುಮ ಹಚ್ಚಿ, ಕಿಟಕಿಯ ಬಿಸಿಲಿಗೆ ಇಟ್ಟಿದ್ದಳು. "ಕೀಳೋದಾ? ವೀರೇಶ್, ಎರಡು ಗಿಡನ ಚಳಿಗೆ ಕಳ್ಕೊಂಡಿದೀನಿ. ಇದು ಮೂರನೇದು. ಇದಕ್ಕೇನಾದ್ರೂ ಆದ್ರೆ ನಾನು ಸುಮ್ನಿರಲ್ಲ!"

"ಗಿಡ ನಿಮ್ದೇ ರೀ. ನಾನು ಬರೀ ತಳ ನೋಡ್ತೀನಿ."

"ತಳ ನೋಡೋಕೆ ಬುಡ ಕೀಳಬೇಕಲ್ಲಾ!"

ಕೊನೆಗೆ ಅವಳು ಬಾಣಂತಿಯ ಮನೆಯ ಸೂಲಗಿತ್ತಿಯಂತೆ ಟವೆಲ್ ಹಿಡಿದು ನಿಂತಳು. ವೀರೇಶ ಗಡಿಬಿಡಿಯಲ್ಲಿ ಎಳೆದ ರಭಸಕ್ಕೆ ಏಳು ಚೂರೇನೋ ಬಂದವು, ಕುಂಡ ಮಾತ್ರ ಎರಡು ಹೋಳಾಯಿತು. ಪದ್ಮಜಾ ಗಿಡವನ್ನು ಮಣ್ಣಿನ ಸಮೇತ ಇಡ್ಲಿ ಪಾತ್ರೆಗೆ ಇಳಿಸಿ, ಪಾತ್ರೆಯನ್ನು ಕಂಕುಳಿಗೆ ಏರಿಸಿಕೊಂಡಳು. "ಇದಕ್ಕೊಂದು ಕುಂಡ ಆಗೋವರೆಗೂ ನಿಮ್ಮ ಬೆನ್ನು ಬಿಡಲ್ಲ" ಎಂದು ಹಿಂದೆಯೇ ಹೊರಟಳು.

ದಾವಣಗೆರೆಯ ಗುಲ್‌ಶನ್ ಬಾಗಿಲು ತೆರೆದು ಸಂಗತಿ ಕೇಳಿ ಹಣೆ ಚಚ್ಚಿಕೊಂಡಳು. "ಅಯ್ಯೋ ವೀರೇಶ್ ಭಾಯ್, ಗಿಡ ಇಲ್ಲೆಲ್ಲಿದೆ? ಅಂಗಡಿ ಕಿಟಕೀಲಿ ಬಿಸಿಲು ಚೆನ್ನಾಗಿದೆ ಅಂತ ಇವ್ರು ಬೆಳಿಗ್ಗೆನೇ ತಗೊಂಡು ಹೋದ್ರು!"

ಅವಳ ಗಂಡ ಮುನೀರನ ಟೈರ್ ಅಂಗಡಿ ಇದ್ದದ್ದು ಡಿಯರ್‌ಬಾರ್ನಿನಲ್ಲಿ, ಇಪ್ಪತ್ತೈದು ಮೈಲಿ ಆಚೆ. ಫೋನಿನಲ್ಲಿ ಹೇಳಿದರೆ ಗಂಡ ಗಿಡ ಮುಟ್ಟಲು ಬಿಡುವುದಿಲ್ಲ, ತಾನೇ ಬಂದು ಹೇಳಬೇಕು ಎಂದು ಗುಲ್‌ಶನ್ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು. ಹಿಂದಿನ ಸೀಟಿನಲ್ಲಿ ಪದ್ಮಜಾ, ಅವಳ ತೊಡೆಯ ಮೇಲೆ ಇಡ್ಲಿ ಪಾತ್ರೆ. "ಬ್ರೇಕ್ ಮೆಲ್ಲಗೆ ಹಾಕಿ, ಬೇರು ಅಲ್ಲಾಡುತ್ತೆ" ಎಂದು ಒಬ್ಬಳು, "ಜೋರಾಗಿ ಹೋಗಿ, ಟೈಮ್ ಆಯ್ತು" ಎಂದು ಇನ್ನೊಬ್ಬಳು. ಇಬ್ಬರ ಮಾತನ್ನೂ ಕೇಳಲು ಹೋಗಿ ವೀರೇಶ ಇಳಿಯಬೇಕಾದ ಎಕ್ಸಿಟ್ ದಾಟಿಬಿಟ್ಟ.

ಮುನೀರ ಒಳ್ಳೆಯ ಮನುಷ್ಯ. ವಿಷಯ ತಿಳಿದದ್ದೇ ಟೈರ್ ಬಿಚ್ಚುವ ಸಲಾಕೆ ತಂದು, ಕುಂಡದ ಅಂಚಿಗೆ ಹಾಕಿ ಮೀಟಿದ. ಗಿಡ ಟೈರಿನಂತೆಯೇ ಪಟ್ಟನೆ ಎದ್ದು ಬಂತು. ಅಲ್ಲಿಗೆ ಇನ್ನೇಳು ಸೇರಿ ಇಪ್ಪತ್ತೊಂದು. ವೀರೇಶನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು, ತಬ್ಬಿಯೂ ಬಿಟ್ಟ.

ಮನೆ ಮುಟ್ಟಿದಾಗ ಒಂದೂ ಹತ್ತು. ಡಾ. ಹೆಸ್ಟರ್ ಆಗಲೇ ಅಡುಗೆಮನೆಯ ಮೇಜಿನಲ್ಲಿ ಕುಳಿತು ಎರಡನೇ ಜೋಳದ ರೊಟ್ಟಿ ಮುರಿಯುತ್ತಿದ್ದರು. ವೀರೇಶ ಬೇಸ್‌ಮೆಂಟಿಗೆ ಜಾರಿ, ಚೂರುಗಳನ್ನು ತೊಳೆದು, ಬಟ್ಟೆಯ ಮೇಲೆ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಇಟ್ಟು, ಬೆವರೊರೆಸಿಕೊಂಡು ಮೇಲೆ ಬಂದ. ಇನ್ನು ಇಂಗ್ಲೆಂಡು ಕೈಯಲ್ಲಿದ್ದ ಹಾಗೆಯೇ ಅನ್ನಿಸಿತು.

"ನಿಮ್ಮ ಬೋಕಿ ಭಾಳ ಚೊಲೋ ಇದ್ವು, ನೀರು ಚೊಲೋತ್ನಂಗ ಬಸೀತು ಅಂತ ಹೇಳೋ ಆಕಿಗೆ" ಎಂದಳು ಶಿವಲಿಂಗಮ್ಮ.

ವೀರೇಶ ಇಂಗ್ಲಿಷಿಗೆ ತಿರುಗಿಸಿದ: ನೀವು ಬಂದದ್ದರಿಂದ ನಮ್ಮ ಮನೆ ಪಾವನವಾಯಿತು ಅನ್ನುತ್ತಿದ್ದಾಳೆ.

"ನೋ ಡ್ಯಾಡ್, ಅಜ್ಜಿ ಡಿಡಂಟ್ ಸೇ ದಟ್!" ಎಂದಳು ಮೂಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಹದಿನೈದರ ಮಗಳು ಅಕ್ಷರಾ. ಅಜ್ಜಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಕುಂಡದ ಪುರಾಣವನ್ನೂ ಬಿಚ್ಚಿಟ್ಟಳು. ಇಡ್ಲಿ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಪದ್ಮಜಾ ಡಿಯರ್‌ಬಾರ್ನ್‌ವರೆಗಿನ ಉಳಿದ ಕಥೆಯನ್ನೆಲ್ಲ ತುಂಬಿಸಿದಳು.

ವೀರೇಶ ಭೂಮಿ ಬಾಯಿಬಿಡಲಿ ಎಂದು ಕಾದ. ಹೆಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾರ್‌ಬ್ರಿಜ್‌ನಲ್ಲೂ ಯಾವುದೋ ಅಜ್ಜಿ ತೋಟಕ್ಕೆ ಎಸೆದ ಚೂರುಗಳೇ ತಮಗೆ ಸಿಕ್ಕದ್ದು ಎಂದರು. ಆಮೇಲೆ ಬೇಸ್‌ಮೆಂಟಿಗೆ ಇಳಿದು ಜೋಡಣೆ ನೋಡಿ ತಲೆದೂಗಿ, ಮೇಲೆ ಬಂದು ಮಾರ್‌ಬ್ರಿಜ್ ಊರಿನ ಹಳೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದರು.

ಶಿವಲಿಂಗಮ್ಮ ಬಗ್ಗಿ ನೋಡಿದಳು. ನಕ್ಷೆಯ ನಡುವೆ ಇದ್ದ ಅಂಗಡಿ ಸಾಲಿನ ಮೇಲೆ ಬೆರಳಿಟ್ಟಳು. "ಇವು ಮದ್ಲು ಇರಲಿಲ್ಲ. ಸಂತಿ ಬಯಲಾಗ ಒತ್ತಿ ಕಟ್ಟ್ಯಾರ. ನಮ್ಮೂರಾಗ ಬಳಿಗಾರ ಬಸಯ್ಯ ಮದ್ಲು ಗೋಣಿಚೀಲ ಹಾಸಿದ. ಮುಂದಿನ ವರ್ಷ ನಾಕು ಗೂಟ ಹುಗದ, ಮ್ಯಾಲ ತಗಡು ಹೊಚ್ಚಿದ. ಯಾರೂ ಏನೂ ಅನಲಿಲ್ಲ, ಗ್ವಾಡಿನೂ ಎಬ್ಬಿಸಿದ. ಈಗ ಅವನ ಮೊಮ್ಮಗ ಶಟರ್ ಹಾಕ್ಯಾನ. ಸಂತಿ ರಸ್ತೆಗೆ ಬಂದೈತಿ, ರಸ್ತೆ ಮಂದೀ ಅಂಗಳಕ್ಕ ಹೋಗೈತಿ."

"ನಕ್ಷೆ ಚೆನ್ನಾಗಿದೆ ಅನ್ನುತ್ತಿದ್ದಾಳೆ" ಎಂದ ವೀರೇಶ. ಅವ್ವ ಒತ್ತುವರಿಯ ಸುದ್ದಿ ತೆಗೆದು ಮಾನ ಕಳೆಯುತ್ತಾಳೆಂದು ಅವನಿಗೆ ಅಳುಕು.

ಅಕ್ಷರಾ ಮತ್ತೆ ತಿದ್ದಿದಳು. ಗೋಣಿಚೀಲದಿಂದ ಶಟರಿನವರೆಗೆ ಒಂದನ್ನೂ ಬಿಡದೆ ಹೇಳಿದಳು.

ಹೆಸ್ಟರ್ ರೊಟ್ಟಿಯನ್ನು ಕೆಳಗಿಟ್ಟರು. ಇದೇ ಸಂಗತಿಯನ್ನು ತಿಳಿಯಲು ತಮಗೆ ಆರು ಬೇಸಿಗೆ ಹಿಡಿಯಿತು ಎಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯಲ್ಲಿದ್ದ ಪಂಡಿತೆಯನ್ನು ವೀರೇಶ ಅವತ್ತಿನವರೆಗೆ ಒಂದು ಮಾತೂ ಕೇಳಿರಲಿಲ್ಲ. ಆ ಖಾಲಿ ಜಾಗಕ್ಕೆ ತಾಯಿಯವರು ಬರಬೇಕು ಎಂದರು ಹೆಸ್ಟರ್. ಅಗೆಯುವುದು ಬೇಡ, ಕುರ್ಚಿ ಹಾಕಿಸುತ್ತೇನೆ, ಕೂತು ನೋಡಿ ಹೇಳಿದರೆ ಸಾಕು, ವೀಸಾಕ್ಕೆ ನಾನೇ ಪತ್ರ ಬರೆಯುತ್ತೇನೆ ಎಂದೂ ಸೇರಿಸಿದರು.

ವೀರೇಶ ತನ್ನದೆಂದುಕೊಂಡಿದ್ದ ಜಾಗ ಅವ್ವನ ಪಾಲಾಯಿತು. ಆದರೂ ಆಸೆ ಸಾಯಲಿಲ್ಲ. "ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಜೊತೆಗೆ ದುಭಾಷಿ ಬೇಕಾಗುತ್ತದಲ್ಲ?" ಎಂದು ಮೆಲ್ಲಗೆ ನೆನಪಿಸಿದ.

"ಖಂಡಿತ ಬೇಕು" ಎಂದು ಹೆಸ್ಟರ್ ಅವನ ಭುಜ ತಟ್ಟಿದರು. "ನೀವು ತುಂಬಾ ಒಳ್ಳೆಯ ಮಗ, ವೀರೇಶ್." ಹಾಗೆಂದು ಅಕ್ಷರಾಳ ಕಡೆ ತಿರುಗಿ, ಜುಲೈಯಲ್ಲಿ ನಿನಗೆ ರಜೆಯಲ್ಲವೇ ಎಂದು ಕೇಳಿದರು.

ಶಿವಲಿಂಗಮ್ಮನಿಗೆ ವಿಷಯ ತಿಳಿಯಲು ಎರಡು ನಿಮಿಷ ಬೇಕಾಯಿತು. ತಿಳಿದ ಮೇಲೆ ಸೆರಗು ಸರಿಮಾಡಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದಳು. "ಆ ಊರಾಗ ಸಂತಿ ಯಾವತ್ತು ಅಂತ ಕೇಳು."

ವೀರೇಶ ಬಾಯಿ ತೆರೆಯುವಷ್ಟರಲ್ಲಿ ಅಕ್ಷರಾ ಕೇಳಿ ಮುಗಿಸಿದ್ದಳು. ಬುಧವಾರವಂತೆ.

"ಹಂಗಾರ ಮಂಗಳವಾರ ಸಂಜಿಕ ಮುಟ್ಟೂ ಹಂಗ ಎರಡು ಟಿಕೆಟ್ ತಗಸೋ ವೀರೂ" ಎಂದಳು ಶಿವಲಿಂಗಮ್ಮ.