ಅಕ್ಕನ ಬೈಗುಳದ ಲಾಟರಿ

ಹೆಂಡತಿ ಬೈದರೆ ಸಾಕಪ್ಪ ಸಾಕು ಎಂದು ಓಡುವ ಗಂಡಸರನ್ನು ನೀವು ಕಂಡಿದ್ದೀರಿ. ಹೆಂಡತಿಯ ಬೈಗುಳವನ್ನು ಜೋಪಾನವಾಗಿ ಕೂಡಿಟ್ಟು, ತೋಟಕ್ಕೆಲ್ಲ ಕೇಳುವಂತೆ ಮೈಕಿನಲ್ಲಿ ಹಾಕುವ ಗಂಡಸನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಭಾವ!

ಮಲಯಾಳ ಸೀಮೆಯ ಮೀನಂಗಡಿ ಎಂಬ ಊರಲ್ಲಿ ಅವರದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ, ಊರ ಹೊರಗೆ ಬಾಳೆತೋಟ. ತೋಟಕ್ಕೆ ಹಗಲೆಲ್ಲ ಮಂಗಗಳ ಕಾಟ. ನಾವು ಜೈನರು, ಕಲ್ಲು ಹೊಡೆಯುವಂತಿಲ್ಲ. ಪಟಾಕಿ ಹಚ್ಚೋಣವೆಂದರೆ ಗೂಡಿನ ಹಕ್ಕಿಗೆ ಏನಾದರೂ ಆದೀತೆಂಬ ಭಯ. ಉಳಿದದ್ದು ಬಾಯಿ. ಆ ವಿಷಯದಲ್ಲಿ ನನ್ನಕ್ಕನಿಗೆ ಸಮನಿಲ್ಲ. ಅವಳು ಹಿತ್ತಲಲ್ಲಿ ನಿಂತು ಒಮ್ಮೆ ಕೂಗಿದರೆ ಮಂಗಗಳಷ್ಟೇ ಅಲ್ಲ, ನೆಂಟರೂ ಎದ್ದು ಹೊರಡುತ್ತಿದ್ದರು.

ಅಂಥವಳಿಗೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆದಮೇಲೆ ದನಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಭಾವ ಏನು ಮಾಡಿದರು ಗೊತ್ತೆ? ಅದರ ಮುಂಚಿನ ವಾರವೆಲ್ಲ ಫೋನ್ ಹಿಡಿದು ಅವಳ ಹಿಂದೆಯೇ ಸುತ್ತಿ, ಬಾಯಿ ಬಿಟ್ಟಾಗಲೆಲ್ಲ ರೆಕಾರ್ಡ್ ಮಾಡಿಕೊಂಡರು. "ಇವ್ರಿಗೆ ತಲೆ ಕೆಟ್ಟದೆ" ಎಂದಳು ಅಕ್ಕ. ಅದೂ ರೆಕಾರ್ಡ್ ಆಯಿತು.

ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಗಾಯ ಮಾಸಿದೆ, ಮಾತಾಡಲು ಯತ್ನಿಸಿದರೆ ಮಾತ್ರ ದನಿ ಮರಳುತ್ತದೆ ಎಂದಿದ್ದರು ಡಾಕ್ಟರು. ಅಕ್ಕ ಒಂದೇ ಸಲ ಯತ್ನಿಸಿದಳು. ಹೊರಬಿದ್ದ ಗೊರಗೊರ ಸದ್ದಿಗೆ ತಾನೇ ಹೆದರಿ ಸ್ಲೇಟು ಹಿಡಿದವಳು, ಯಾರು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ.

ಅವಳನ್ನು ನೋಡಲು ಹೋದೆ. ಗೇಟು ತೆಗೆದೆನೋ ಇಲ್ಲವೋ, ಹಲಸಿನ ಮರದ ಮೇಲಿಂದ ಅಕ್ಕನ ದನಿ: "ಹೋಗಾಚೆ. ನಾಚ್ಕೆ ಇಲ್ವಾ, ದಿನಾ ಬಂದು ತಿನ್ನೋದಕ್ಕೆ?" ದಿನಾ ಎಲ್ಲಿ ಬಂದೆ? ನಾನು ಬಂದು ಆರು ತಿಂಗಳಾಗಿತ್ತಲ್ಲ! ನೋಡಿದರೆ ಅಕ್ಕ ಜಗಲಿಯಲ್ಲಿ ತುಟಿ ಬಿಗಿದು ಅವರೆಕಾಯಿ ಸುಲಿಯುತ್ತಿದ್ದಾಳೆ. ಮರದ ಮೇಲಿದ್ದದ್ದು ಸ್ಪೀಕರು.

ಭಾವ ಹೆಮ್ಮೆಯಿಂದ ಲ್ಯಾಪ್‌ಟಾಪ್ ತೋರಿಸಿದರು. "ಮೊದ್ಲು ಹತ್ತು ನಿಮಿಷಕ್ಕೊಂದ್ಸಲ ಬರೋ ಹಾಗೆ ಇಟ್ಟಿದ್ದೆ. ಮೂರೇ ದಿನಕ್ಕೆ ಮಂಗಕ್ಕೆ ಟೈಮ್ ಗೊತ್ತಾಗೋಯ್ತು. ಈಗ ನಾಟ್ಕಕ್ಕೆ ಸದ್ದು ಕೂಡ್ಸೋ ಸಾಫ್ಟ್‌ವೇರ್ ಹಾಕಿದೀನಿ. ಯಾವ ಬೈಗುಳ, ಯಾವಾಗ, ಯಾವ ಮರದಿಂದ, ಎಲ್ಲಾ ಲಾಟ್ರಿ. ಏನ್ ಬರ್ತದೆ ಅಂತ ನಂಗೇ ಗೊತ್ತಿಲ್ಲ."

"ಎಲ್ಲಾ ಕೇಳಿ ಆರಿಸಿದ್ದೀರಿ ತಾನೆ?"

"ಮುನ್ನೂರು ತುಂಡು. ಕೇಳ್ತಾ ಕೂತ್ರೆ ಅಂಗಡಿ ಯಾರು ನೋಡೋದು? ಮಾತು ನಿಂತ ಕಡೆ ಸಾಫ್ಟ್‌ವೇರೇ ಕತ್ತರಿಸಿದೆ. ಎಲ್ಲಾನೂ ತುಂಬ್ಸಿದೆ, ಮತಿ."

ಮಲಯಾಳದಲ್ಲಿ 'ಮತಿ' ಎಂದರೆ ಸಾಕು. ಸಾಕಂತೆ!

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ತೋಟದಲ್ಲೆಲ್ಲ ಮೊಳಗಿತು: "ಹೊತ್ತು ಮುಳುಗ್ತಾ ಬಂತು, ಕೈ ತೊಳ್ಕೊಂಡು ಊಟಕ್ಕೆ ಬನ್ನಿ." ನಮ್ಮ ಮನೆಗಳಲ್ಲಿ ಸೂರ್ಯ ಮುಳುಗುವ ಮುಂಚೆ ರಾತ್ರಿಯೂಟ ಮುಗಿಯಬೇಕು, ಅಕ್ಕನ ನಿತ್ಯದ ಕರೆ ಅದು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದೆ, ತೋಟದ ಆಳುಗಳಿಬ್ಬರು ಕೈ ತೊಳೆದು ಜಗಲಿಯಲ್ಲಿ ಸಾಲಾಗಿ ಕೂತೇಬಿಟ್ಟರು. "ಚೇಚಿ ವಿಳಿಚ್ಚಲ್ಲೋ" ಎಂದು ಮಲಯಾಳದಲ್ಲಿ ಹೇಳಿ ಹಲ್ಲು ಕಿರಿದರು. ಅಕ್ಕ ಕರೆದಳಲ್ಲ ಎಂದಮೇಲೆ ಇಲ್ಲವೆನ್ನುವುದು ಹೇಗೆ? ಉಪ್ಪಿಟ್ಟು ಮಾಡಿ ಬಡಿಸಿದ ಅಕ್ಕ, ಸ್ಲೇಟಿನಲ್ಲಿ ಏನೋ ಗೀಚಿ ಭಾವನ ಮುಂದೆ ಹಿಡಿದಳು. ಅದೇನೆಂದು ಭಾವ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಮಧ್ಯಾಹ್ನ ಭಾವನ ತಂಗಿ ಬಂದರು, ಕೈಯಲ್ಲಿ ಪಾಯಸದ ಪಾತ್ರೆ. ಅಕ್ಕ ಲೋಟ ತರಲು ಸ್ಲೇಟನ್ನು ಜಗಲಿಯಲ್ಲಿಟ್ಟು ಒಳಗೆ ಹೋದಳು. ಆಗ ಸಪೋಟ ಮರ ಬಾಯಿ ಬಿಟ್ಟಿತು: "ನಮ್ ನಾದಿನಿ ಪಾಯ್ಸಾನಾ? ಅಯ್ಯೋ, ಗೋಡೆಗೆ ಪೋಸ್ಟರ್ ಅಂಟ್ಸ್ಬೋದು." ಆಪರೇಷನ್ನಿನ ಮುಂಚಿನ ವಾರ ಅಕ್ಕ ಫೋನಿನಲ್ಲಿ ಆಡಿದ್ದು. ಆ ಕಡೆ ಕೇಳಿ ನಕ್ಕವನು, ದೇವರೇ, ನಾನೇ!

ಭಾವನ ತಂಗಿ ಕೆಂಪಾಗಿ ಎದ್ದುನಿಂತರು. ಭಾವ ಲ್ಯಾಪ್‌ಟಾಪಿನ ಕೀಲಿಗಳನ್ನು ತಡಕಾಡಿದಷ್ಟೂ ಮರ ಮಾತು ಮುಂದುವರಿಸಿತು. ಒಳಗಿನಿಂದ ಅಕ್ಕ ಧಾವಿಸಿ ಬಂದಳು. ಸ್ಲೇಟಿಗಾಗಿ ಕೈಯಾಡಿಸಿದಳು, ಸಿಗಲಿಲ್ಲ; ಅದರ ಮೇಲೆ ಪಾಯಸದ ಪಾತ್ರೆ ಕೂತಿತ್ತು.

"ನಿಲ್ಸ್ರೀ ಅದನ್ನ."

ಒಡೆದ, ಒರಟಾದ, ಗಾಳಿ ತುಂಬಿದ ದನಿ. ಅದು ಬಂದದ್ದು ಯಾವ ಮರದಿಂದಲೂ ಅಲ್ಲ. ಅಕ್ಕ ತಾನೇ ಬೆಚ್ಚಿ ಗಂಟಲು ಹಿಡಿದುಕೊಂಡಳು. ಭಾವನ ತಂಗಿ ಸಿಟ್ಟು ಮರೆತು ಕೂತುಬಿಟ್ಟರು.

ಭಾವ ಮೆಷಿನ್ ಆರಿಸಿದರು. ಎದ್ದು ಬಂದು ಅಕ್ಕನ ಮುಂದೆ ನಿಂತಾಗ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಇನ್ನೊಂದ್ಸಲ ಬಯ್ಯೇ" ಎಂದರು.

ಅಕ್ಕ ಬೈದಳು.