ನಮ್ಮ ವಿಭಾಗದ ಮಂಡಕ್ಕಿ ಕೂಟಗಳು

ನಾನಿದ್ದ ಕಡೆ ಯಾವ ಕಾರ್ಯಕ್ರಮವೂ ನೆಟ್ಟಗೆ ಮುಗಿದಿದ್ದಿಲ್ಲ. ಕುಕ್ಕುವಾಡದ ಗದ್ದೆಯಲ್ಲಿ ಬೆಳೆದ ನನ್ನಂಥವನು ದಾವಣಗೆರೆಗೆ ಪಿಎಚ್‌ಡಿ ಮಾಡೋಕೆ ಬಂದಿದ್ದೇ ನಮ್ಮ ವಿಭಾಗದ ಪುಣ್ಯ. ಆದರೂ ನನ್ನ ಸಿನಾಪ್ಸಿಸ್, ಅಂದರೆ ಪ್ರಬಂಧದ ಸಾರಾಂಶ, ನಾಲ್ಕು ತಿಂಗಳಿಂದ ಮುಖ್ಯಸ್ಥರ ಮೇಜಿನ ಮೇಲೆ ಮಲಗಿತ್ತು. ಅವರ ಸಹಿ ಇಲ್ಲದೆ ನನ್ನ ಗಾಡಿ ಮುಂದಕ್ಕೆ ಹೋಗಲ್ಲ. ಅವರಿಗೋ ಓದೋಕೆ ಪುರುಸೊತ್ತಿಲ್ಲ. ವಿಭಾಗದವರ ಹುರುಪು ಹೆಚ್ಚಲಿ ಅಂತ ತಿಂಗಳಿಗೊಂದು ಕೂಟ ಮಾಡಿಸೋದೇ ಅವರಿಗೆ ದೊಡ್ಡ ಕೆಲಸ.

೧. ಹಾಳೆ ಹಾಸಿದ್ದು

ನಮ್ಮ ಕೂಟ ಅಂದರೆ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ತಟ್ಟೆಗಿಟ್ಟೆ ಇಲ್ಲ. ಉದ್ದಕ್ಕೆ ಹಳೇ ಪೇಪರ್ ಹಾಸಿ, ಮೇಲೆ ಮಂಡಕ್ಕಿ ಸುರಿದು, ಸುತ್ತ ಕೂತು ತಿನ್ನೋದು. ಅವತ್ತು ಪೇಪರ್ ಸಾಲದೆ ಅಟೆಂಡರ್ ಒಳಗಿಂದ ಅದೇನೋ ಹಾಳೆ ತಂದು ಮುಖ್ಯಸ್ಥರ ಮುಂದೆ ಹಾಸಿದ. ನಾನು ದೂರದ ಇನ್ನೊಂದು ತುದಿಯಲ್ಲಿದ್ದೆ.

ಮಂಡಕ್ಕಿ ಕರಗಿದಂತೆ ಅಕ್ಷರ ಕಾಣಿಸಿದವು. ಮುಖ್ಯಸ್ಥರು ಬೆರಳಲ್ಲಿ ಮಂಡಕ್ಕಿ ಸರಿಸಿ ಸರಿಸಿ ಓದತೊಡಗಿದರು. ಮೇಡಂ ಒಬ್ಬರು ಅತ್ತ ಕೈ ಹಾಕಿದ್ದಕ್ಕೆ, "ತಡೀರಿ ಮೇಡಂ, ಆ ಸಾಲು ಮುಗೀಲಿ" ಅಂತ ಗದರಿದರು.

ನನ್ನ ಇಪ್ಪತ್ತು ಪುಟಕ್ಕೆ ಇಲ್ಲದ ಮರ್ಯಾದೆ ರದ್ದಿಗೆ ಸಿಕ್ಕಿತ್ತು.

೨. ಹಗ್ಗ ಎಳೆದಿದ್ದು

ಮುಂದಿನ ಕೂಟ ಹರಿಹರದ ಹೊಳೆ ದಂಡೆಯಲ್ಲಿ. ಮೇಷ್ಟ್ರುಗಳಿಗೂ ಸಂಶೋಧಕರಿಗೂ ಹಗ್ಗಜಗ್ಗಾಟ. ಜೊತೆಯವರು ಕಿವಿಯಲ್ಲಿ ಹೇಳಿದರು: "ಸೋತು ಬಿಡೋ, ಸಹಿ ಆಗಬೇಕಲ್ಲ."

ಭತ್ತದ ಚೀಲ ಒಂದೇ ಏಟಿಗೆ ಹೆಗಲಿಗೇರಿಸೋ ಮನುಷ್ಯ ನಾನು. ಕೈಗೆ ಹಗ್ಗ ಬಂದ ಮೇಲೆ ಸೋಲೋದು ಹೆಂಗೆ ಅಂತ ನಮ್ಮೂರಲ್ಲಿ ಯಾರೂ ಕಲಿಸಿಲ್ಲ. ಒಂದೇ ಜಗ್ಗು! ಎದುರಿನ ಸಾಲಿನ ಮೊದಲಿಗರಾಗಿದ್ದ ಮುಖ್ಯಸ್ಥರು ರಾಡಿಯಲ್ಲಿ ಬೋರಲು.

ಎಬ್ಬಿಸೋಕೆ ಓಡಿದೆ. ಕನ್ನಡಕ ಒರೆಸಿಕೊಳ್ಳುತ್ತಾ ಅಂದರು: "ಶಕ್ತಿ ಐತಲೇ ನಿನಗೆ. ಇನ್ನೆರಡು ತಿಂಗಳು ಆರಾಮಾಗಿ ಕಾಯ್ತೀಯ ಬಿಡು."

೩. ಸಹಿ ಬಿದ್ದಿದ್ದು

ಎರಡು ತಿಂಗಳಾದ ಮೇಲೆ ಕೇಳಿದರೆ, "ಎಲ್ಲಿಟ್ಟೆನೋ, ಸಿಗವಲ್ದು. ಇನ್ನೊಂದು ಪ್ರತಿ ಕೊಡು" ಅಂದರು. ಕೊಡೋದೇನು, ಉಪಾಯ ಮಾಡಿದೆ. ಆ ತಿಂಗಳ ಕೂಟಕ್ಕೆ ನಾನೇ ಹಾಳೆ ಹಾಸಿದೆ. ಮುಖ್ಯಸ್ಥರ ಮುಂದೆ ಸಿನಾಪ್ಸಿಸ್‌ನ ಒಂದೊಂದೇ ಪುಟ, ಸಾಲಾಗಿ. ಸಹಿ ಹಾಕೋ ಪುಟ ಮಾತ್ರ ಫೈಲಿನಲ್ಲಿ ಭದ್ರ.

ಮಂಡಕ್ಕಿ ಸರಿಯಿತು. ಓದಿದರು. ಪಕ್ಕಕ್ಕೆ ಜರುಗಿ ಇನ್ನೊಂದು ಪುಟ ಓದಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಮುಖ್ಯಸ್ಥರು ಗುಡುಗಿದರು.

"ಯಾರದಿದು?"

"ನಂದೇ ಸರ್, ಸಿನಾಪ್ಸಿಸ್!"

"ಸುಳ್ಳು! ಇದನ್ನ ನಾನು ಮೊದಲೇ ಓದೀನಿ. ಸಾಲು ಸಾಲೂ ನೆನಪೈತೆ. ಎಲ್ಲಿಂದ ಕದ್ದೆಲೇ?"

ಎಲ್ಲರ ಬಾಯಲ್ಲಿದ್ದ ಮಂಡಕ್ಕಿ ಸದ್ದು ನಿಂತಿತು. ಕೃತಿಚೌರ್ಯ ಅಂದರೆ ಪಿಎಚ್‌ಡಿ ಅಲ್ಲಿಗೇ ಢಮಾರ್. ಕುಕ್ಕುವಾಡದ ಹುಲಿ ಫೈಲನ್ನು ಎದೆಗವಚಿಕೊಂಡು ಕೂತಿತು.

ಮೆಣಸಿನಕಾಯಿ ಹಂಚುತ್ತಿದ್ದ ಅಟೆಂಡರ್ ಮೆಲ್ಲಗೆ ಅಂದ: "ಸಾರ್, ಆವತ್ತು ಪೇಪರ್ ಸಾಲದಾಗ ನಿಮ್ಮ ಮೇಜಿನ ಮೇಲಿನ ಕಟ್ಟು ತಗಾ ಅಂದ್ರಲ್ರೀ... ಅದರಾಗೂ ಇದೇ ಇತ್ತು. ಭಾಳ ಮನಸಿಟ್ಟು ಓದಿದ್ರಿ."

ಮುಖ್ಯಸ್ಥರು ಕೆಮ್ಮಿದರು. ನೀರು ಕುಡಿದರು. "ಅದಕ್ಕೇ ಅಂದೆ, ಚಲೋ ಬರೆದೀಯ ಅಂತ. ತಾ ಇಲ್ಲಿ" ಅಂತ ಫೈಲಿನಿಂದ ಸಹಿ ಪುಟ ಕಸಿದುಕೊಂಡು ಅಲ್ಲೇ ಸಹಿ ಮಾಡಿದರು. ಪಕ್ಕದಲ್ಲಿ ಎಣ್ಣೆ ಹೆಬ್ಬೆರಳೂ ಒತ್ತಿತು.

ಮರುದಿನ ಪಿಎಚ್‌ಡಿ ಸೆಕ್ಷನ್ನಿಗೆ ಕೊಟ್ಟೆ. ಗುಮಾಸ್ತರು ಪುಟ ಎತ್ತಿ ಬೆಳಕಿಗೆ ಹಿಡಿದರು.

"ಸಹಿ ಸರಿ ಐತೆ, ಹೆಬ್ಬೆಟ್ಟು ಯಾಕಪ್ಪ? ನಿಮ್ಮ ಮುಖ್ಯಸ್ಥರಿಗೆ ಓದೋಕೆ ಬರಲ್ವಾ?"

"ಬರತೈತ್ರಿ," ಅಂದೆ, "ಮಂಡಕ್ಕಿ ಹಾಕಿದ್ರೆ."