ಬೆನ್ನಿಗೆ ಹತ್ತಿದ ಸಿಲೋನಿನ ಮಣ್ಣು

ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ದೇವರು ಮನುಷ್ಯನಿಗೆ ಮುಂದೆ ಎರಡು ಕಣ್ಣು ಕೊಟ್ಟು, ಬೆನ್ನನ್ನು ಮಾತ್ರ ಊರವರ ವಶಕ್ಕೆ ಒಪ್ಪಿಸಿಬಿಟ್ಟಿದ್ದಾನೆ. ಬೇರೆ ಸೀಮೆಯಲ್ಲಿ ಇದರಿಂದ ಅಂಥ ತೊಂದರೆ ಇರಲಿಕ್ಕಿಲ್ಲ, ಅಲ್ಲಿ ಜನ ಮುಖ ನೋಡಿ ಮಾತಾಡಿಸುತ್ತಾರೆ. ನಮ್ಮ ಕೊಲ್ಲಾಪುರದ ಕಡೆ ಹಾಗಲ್ಲ. ಇದು ಕುಸ್ತಿಯ ಸೀಮೆ. ಮೈದಾನದಿಂದ ಬಂದವನ ಮುಖವನ್ನು ಇಲ್ಲಿ ಯಾರೂ ನೋಡುವುದಿಲ್ಲ. ಭುಜ ಹಿಡಿದು ತಿರುಗಿಸಿ ಬೆನ್ನು ನೋಡುತ್ತಾರೆ. ಬೆನ್ನಿಗೆ ಅಖಾಡದ ಕೆಂಪು ಮಣ್ಣು ಹತ್ತಿದ್ದರೆ ಸೋತ, ಹತ್ತದಿದ್ದರೆ ಗೆದ್ದ, ಇಲ್ಲವೇ ಸೋಲುಗೆಲುವಿಲ್ಲದೆ ಬರೋಬರಿ ಬಿಡಿಸಿಕೊಂಡ. ಮೂಗು ಒಡೆದಿರಲಿ, ಕಿವಿ ಹರಿದಿರಲಿ, ಅದು ಅವನ ಮನೆಯ ವಿಚಾರ. ಹೆಣ್ಣು ನೋಡುವ ಶಾಸ್ತ್ರದ ದಿನವೂ ನನ್ನ ಮಾವನವರು ನನ್ನನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದಕ್ಕಿಂತ, ನಾನು ಕೈ ತೊಳೆಯಲು ಎದ್ದು ಹೋಗುವಾಗ ಹಿಂದಿನಿಂದ ನೋಡಿದ್ದೇ ಹೆಚ್ಚು ಎಂದು ನನ್ನ ಹೆಂಡತಿ ನೀಲವ್ವ ಆಮೇಲೆ ಹೇಳಿದಳು. ಬೆನ್ನು ಪಾಸಾಗಿತ್ತು, ಮದುವೆಯಾಯಿತು.

ಇಚಲಕರಂಜಿಯಲ್ಲಿ ನಮ್ಮದು ನಾಲ್ಕು ಮಗ್ಗದ ಕಾರಖಾನೆ. ಕಾರಖಾನೆ ಎಂದರೆ ದೊಡ್ಡ ಮಾತಾಯಿತು. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ದಿನವಿಡೀ ಆ ಖಟಖಟದಲ್ಲೇ ಬದುಕುವ ನಮ್ಮ ಓಣಿಯವರಿಗೆ ಪಿಸುಮಾತು ಎಂದರೇನೆಂದು ಗೊತ್ತಿಲ್ಲ. ಗಂಡ ಹೆಂಡತಿಯ ಗುಟ್ಟು ಕೂಡ ಕೂಗಿಯೇ ಹೇಳಬೇಕು. ಮಾತಿನ ನಡುವೆ ಎಲ್ಲಿಯಾದರೂ ಕರೆಂಟು ಹೋಗಿ ಮಗ್ಗ ನಿಂತಿತೋ, ಉಳಿದರ್ಧ ಗುಟ್ಟು ಓಣಿಯ ಪಾಲು. ಇಂಥ ಗದ್ದಲದಲ್ಲಿ ಬೆಳೆದವನಿಗೆ ಗದ್ದಲದ ಮೇಲೇ ಪ್ರೀತಿ ಹುಟ್ಟಿದರೆ ಅದೇನು ಅಪರಾಧವೆ? ಕೊಲ್ಲಾಪುರದ ಒಂದು ಗ್ಯಾರೇಜಿನಲ್ಲಿ, ಯಾವನೋ ಸರದಾರ ಓಡಿಸಿ ಸಾಕಾಗಿ ಬಿಟ್ಟಿದ್ದ ಇಂಗ್ಲಿಷ್ ಮೋಟಾರ್ ಸೈಕಲ್ಲೊಂದು, ನಮ್ಮ ಬಾಯಲ್ಲಿ ಫಟಫಟಿ, ನಿಂತಿತ್ತು. ಅದನ್ನು ಮನೆಗೆ ತಂದೆ. ಆ ಗ್ಯಾರೇಜಿನ ಬಾಪು ಮಿಸ್ತ್ರಿಯ ಜೊತೆ ಸೇರಿ, ರಜೆಯ ದಿನ ಊರ ಹೊರಗಿನ ಬಯಲಿನಲ್ಲಿ ನಾಲ್ಕಾರು ಹುಚ್ಚರ ನಡುವೆ ರೇಸು ಆಡತೊಡಗಿದೆ. ಒಂದೆರಡು ಸಲ ಗೆದ್ದೆ ಕೂಡ. ಅದರಲ್ಲಿ ಒಂದು ಸಲ ಉಳಿದವರ ಗಾಡಿ ಪಂಕ್ಚರಾಗಿತ್ತು ಎಂಬುದನ್ನು ಬಾಪು ಸುಮ್ಮಸುಮ್ಮನೆ ನೆನಪಿಸುತ್ತಿದ್ದ. ನೀಲವ್ವನ ತಕರಾರು ಬೇರೆ. ಮಗ್ಗವೂ ಸದ್ದು ಮಾಡುತ್ತದೆ, ಫಟಫಟಿಯೂ ಸದ್ದು ಮಾಡುತ್ತದೆ, ಆದರೆ ಸಂಜೆಗೆ ಮಗ್ಗದ ಕೆಳಗೆ ಬಟ್ಟೆಯಾದರೂ ಇರುತ್ತದೆ ಎನ್ನುತ್ತಿದ್ದಳು.

ಇದು ಅರವತ್ತನೇ ಇಸವಿಯ ಆಸುಪಾಸಿನ ಮಾತು. ಬಾಪು ದಂಡಿನಲ್ಲಿದ್ದಾಗಿನ ಗೆಳೆಯನೊಬ್ಬ ಕೊಲಂಬೋದಲ್ಲಿ ನೆಲೆಸಿದ್ದ. ಅಲ್ಲಿ ಮೋಟಾರ್ ಸೈಕಲ್ ರೇಸು ನಡೆಯುತ್ತದೆ, ಹವ್ಯಾಸಿಗಳು ಹೊರದೇಶದಿಂದ ಬಂದರೂ ಸೇರಿಸಿಕೊಳ್ಳುತ್ತಾರೆ ಎಂದು ಅವನಿಂದ ಸುದ್ದಿ ಬಂತು. ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ಸುದ್ದಿ ಗಡಹಿಂಗ್ಲಜ ಮುಟ್ಟಿತು. ಅಲ್ಲಿ ನನ್ನ ಮಾವ ಗುರುಸಿದ್ದಪ್ಪನವರು ಬೆಲ್ಲದ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಹಾಲಿನಂಥ ಬಿಳಿ ಧೋತರ, ಜುಬ್ಬಾ, ತಲೆಗೆ ಬಿಳಿ ಪಟಕಾ. ಹರೆಯದಲ್ಲಿ ಕುಸ್ತಿ ಆಡಿದವರು. ತಮ್ಮ ಬೆನ್ನಿಗೆ ಒಮ್ಮೆಯೂ ಮಣ್ಣು ಹತ್ತಿಲ್ಲ ಎಂದು ಅವರು ಹೇಳದ ಹಬ್ಬವಿಲ್ಲ. ಒಟ್ಟು ಎಷ್ಟು ಕುಸ್ತಿ ಆಡಿದ್ದರೆಂದು ಕೇಳುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇರಲಿಲ್ಲ. ಅವರು ಬೆಳಗಿನ ಬಸ್ಸಿಗೇ ಬಂದಿಳಿದರು. ಬೈಯುತ್ತಾರೆಂದು ನಾನು ಮಗ್ಗದ ಸಂದಿಯಲ್ಲಿ ನಿಂತಿದ್ದೆ.

“ಹೋಗ್ರಿ ಅಳಿಯಾರ,” ಎಂದರು. “ಪರದೇಶದಾಗ ಒಂದ ಸಲ ಆಡಿ ಬರ್ರಿ. ಆದ್ರ ಬೆನ್ನಿಗೆ ಮಣ್ಣ ಹತ್ತಿಸಿಕೊಂಡ ಬಂದ್ರ ಆ ಫಟಫಟಿ ಮರುದಿನಾನ ಮಾರೂದು. ಎರಡ ಗಾಲಿ ಮ್ಯಾಲ ಜೀವಾ ಇಟಗೊಂಡ ತಿರಗೂ ಗಂಡ ನನ್ನ ಮಗಳಿಗೆ ಬ್ಯಾಡ.”

ಇದು ಕುಸ್ತಿಯಲ್ಲ, ಇದರಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ, ಎಲ್ಲರೂ ಒಟ್ಟಿಗೆ ಓಡುತ್ತಾರೆ ಎಂದು ತಿಳಿಹೇಳಲು ಹೋದೆ. ಕೆಡವುವುದಿಲ್ಲ ಎಂದರೆ ಅದೆಂಥ ಆಟ ಎಂದು ಅವರು ನಿಜವಾಗಿ ಕನಿಕರಪಟ್ಟರು. ಫಟಫಟಿಯ ಮೇಲೆ ಕಣ್ಣಿಟ್ಟಿದ್ದ ಹುಪರಿಯ ಬೆಳ್ಳಿ ವ್ಯಾಪಾರಿಯೊಬ್ಬನಿಗೆ ಸ್ವಲ್ಪ ದಿನ ತಡೆ ಎಂದು ಆಗಲೇ ಹೇಳಿ ಬಂದಿದ್ದರಂತೆ. ನಾನು ಅವರ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ. ಮಾತು ಕೊಟ್ಟವನು ಹೊರಗೆ ಹೋಗಿ ಗಾಡಿಯ ಟಾಂಕಿಯ ಮೇಲೆ ಕೈಯಾಡಿಸಿದೆ.

ಅಲ್ಲಿಂದ ನನ್ನ ಖುರಾಕು ಶುರುವಾಯಿತು. ಪೈಲವಾನನನ್ನು ಬರಿಗೈಯಲ್ಲಿ ದಂಗಲಿಗೆ ಕಳಿಸಿದರೆ ಗಡಹಿಂಗ್ಲಜದ ಮರ್ಯಾದೆ ಏನಾಗಬೇಕು? ಬದಾಮು ಬಂತು, ಡಬ್ಬಿಯ ತುಂಬ ತುಪ್ಪ ಬಂತು. ಕೊಲ್ಲಾಪುರದಲ್ಲಿ ಕಟ್ಟೆಯ ಬಳಿ ಎಮ್ಮೆ ನಿಲ್ಲಿಸಿ ಕಣ್ಣೆದುರೇ ಹಿಂಡಿ ಕೊಡುತ್ತಾರಲ್ಲ, ಆ ನೊರೆಹಾಲನ್ನು ನಾನು ಗ್ಯಾರೇಜಿಗೆ ಹೋದಾಗಲೆಲ್ಲ ಕುಡಿಯಲೇಬೇಕೆಂದು ಗವಳಿಗೆ ತಾಕೀತಾಗಿತ್ತು. ಇತ್ತ ಬಾಪು ಗಾಡಿ ಹಗುರಾಗಬೇಕೆಂದು ಹಗಲಿಡೀ ದುಡಿಯುತ್ತಿದ್ದ. ಹಿಂದಿನ ಮಡ್‌ಗಾರ್ಡ್ ಬಿಚ್ಚಿದ, ಮುಂದಿನದೂ ಬಿಚ್ಚಿದ, ದೀಪ ತೆಗೆದ, ಎಲ್ಲೆಲ್ಲಿ ಕಬ್ಬಿಣ ಹೆಚ್ಚೆನಿಸಿತೋ ಅಲ್ಲೆಲ್ಲ ತೂತು ಕೊರೆದ. ಅವನು ಗಾಡಿಯಿಂದ ಕಳೆದ ತೂಕವನ್ನೆಲ್ಲ ಮಾವನವರು ತುಪ್ಪದ ರೂಪದಲ್ಲಿ ನನ್ನ ಸೊಂಟಕ್ಕೆ ಕೂಡಿಸುತ್ತಿದ್ದರು. ಒಂದು ದಿನ ನಾನು ಗಾಡಿ ಹತ್ತಿದಾಗ ಹಿಂದಿನ ಸ್ಪ್ರಿಂಗು ನರಳಿತು. ಬಾಪು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, “ಅಹೋ ಶೇಠ, ಗಾಡಿ ಹಗುರ ಮಾಡಾಕತ್ತೇನಿ ನಾನು. ನೀವ ಏನ ಮಾಡಾಕತ್ತೀರಿ?” ಎಂದ. ನನ್ನ ಬಾಯಲ್ಲಿ ಬದಾಮಿತ್ತು.

ಮಿರಜದಿಂದ ಮದ್ರಾಸು, ಮದ್ರಾಸಿನಿಂದ ಧನುಷ್ಕೋಡಿ, ಅಲ್ಲಿಂದ ಹಡಗು, ಆಚೆ ದಡದಿಂದ ಮತ್ತೆ ರೈಲು. ನಾನು, ಬಾಪು, ಹಗ್ಗ ಬಿಗಿದ ಫಟಫಟಿ. ನೀಲವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಿ ಮಡಚಿದರೆ ಮಡಚಿಕೊಳ್ಳುವಂತಾಗಿತ್ತು. ಜನ್ಮದಲ್ಲಿ ಮೊದಲ ಸಲ ಕಟಕ ರೊಟ್ಟಿಯಲ್ಲಿ ಶೇಂಗಾ ಚಟ್ನಿಯನ್ನು ಸುತ್ತಿಕೊಂಡು ತಿಂದೆ. ಕೊಲಂಬೋದಲ್ಲಿ ಇಳಿದಾಗ ಮಳೆ. ಶನಿವಾರ ಅಭ್ಯಾಸ ಎಂದರು, ಆಗಲೂ ಮಳೆ. ನಮ್ಮ ಕಡೆಯ ಮಳೆ ಬರುವಾಗ ಮೋಡ ಮಾಡಿ, ಗಾಳಿ ಬಿಟ್ಟು, ಒಂದಿಷ್ಟು ಮುನ್ಸೂಚನೆ ಕೊಟ್ಟು ಬರುತ್ತದೆ. ಅಲ್ಲಿಯದು ಯಾರೋ ಮಾಳಿಗೆಯ ಮೇಲಿಂದ ಕೊಡ ಬೋರಲು ಹಾಕಿದಂತೆ ಬಂತು, ನಿಲ್ಲುವುದನ್ನು ಮರೆತೇಬಿಟ್ಟಿತು. ರೇಸಿನ ದಾರಿಯೆಂದರೆ ಯುದ್ಧಕಾಲದ ಹಳೆಯ ವಿಮಾನದ ಬಯಲನ್ನು ಸುತ್ತುವ ರಸ್ತೆ. ಪಕ್ಕದ ದಿಬ್ಬದಿಂದ ಕೆಂಪು ಮಣ್ಣು ಕೊಚ್ಚಿ ಬಂದು ರಸ್ತೆಯ ಮೇಲೆ ಅಂಬಲಿಯಂತೆ ಹರಡಿತ್ತು. ಅಲ್ಲಿಯವರ ಗಾಡಿಗಳಿಗೆಲ್ಲ ಹಿಂದಿನ ಮಡ್‌ಗಾರ್ಡ್ ಇತ್ತು. ಇವರಿಗೆ ತೂಕ ಇಳಿಸುವ ವಿದ್ಯೆ ಗೊತ್ತಿಲ್ಲ ಎಂದು ನಾವಿಬ್ಬರೂ ಕಣ್ಣಲ್ಲೇ ನಕ್ಕೆವು.

ಭಾನುವಾರ ರೇಸು. ಬಾವುಟ ಬೀಸಿದರು, ಎಲ್ಲರೂ ಹೋದರು, ನಾನೂ ಹೋದೆ. ಕನ್ನಡಕದ ಮೇಲೆ ನೀರು, ಕಣ್ಣಲ್ಲಿ ನೀರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಬೀಳಬಾರದು. ಗೆಲ್ಲುವುದು ಆಮೇಲಿನದು, ಬಿದ್ದರೆ ಗಾಡಿ ಹುಪರಿಗೆ. ಮೊದಲ ತಿರುವಿನಲ್ಲೇ ಒಬ್ಬ ಜಾರಿದ. ಮುಂದಿನ ತಿರುವಿನಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದು, ಹುಲ್ಲಿನ ಮೇಲೆ ಕುಳಿತು ನನಗೆ ಕೈ ಬೀಸಿದರು. ನಾನು ತಿರುವು ಬಂದಲ್ಲೆಲ್ಲ ಹಿರಿಯರ ಮುಂದೆ ಹಾಯುವ ಸೊಸೆಯಂತೆ ತಗ್ಗಿ ಬಗ್ಗಿ ಹೋದೆ. ಮಾವನವರ ತುಪ್ಪ ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತೋ ಏನೋ, ಚಕ್ರ ಜಾರಲಿಲ್ಲ. ಬೆನ್ನಿಗೆ ಏನೋ ತಣ್ಣಗೆ ಬಡಿಯುತ್ತಿತ್ತು, ಮಳೆ ಎಂದುಕೊಂಡೆ. ಕೊನೆಯ ಸುತ್ತು ಮುಗಿಸಿ ಬಂದಾಗ ಬಾವುಟದವನು ಬಾವುಟ ಮಡಚಿ ಬಗಲಲ್ಲಿಟ್ಟು ಕೊಡೆಯ ಕೆಳಗೆ ಬಾಳೆಹಣ್ಣು ತಿನ್ನುತ್ತಿದ್ದ. ನನ್ನನ್ನು ಕಂಡು ಪಾಪ, ಹಣ್ಣು ಬಾಯಲ್ಲೇ ಕಚ್ಚಿಕೊಂಡು ಬಾವುಟ ಬಿಚ್ಚಿದ. ನನ್ನ ಹಿಂದೆ ಬಂದದ್ದು ಆಂಬುಲೆನ್ಸ್ ಒಂದೇ. ಅದಕ್ಕೂ ಆತುರವಿತ್ತು, ದಾರಿ ಬಿಡೆಂದು ಹಾರ್ನು ಹೊಡೆಯುತ್ತಲೇ ಇತ್ತು. ಆದರೆ ಬೀಳಲಿಲ್ಲ! ಕೊಟ್ಟ ಮಾತು ಉಳಿದಿತ್ತು, ಗಾಡಿ ಉಳಿದಿತ್ತು. ಬಾಪುವನ್ನು ತಬ್ಬಿಕೊಂಡು ಅತ್ತೇಬಿಟ್ಟೆ. ಸೋತದ್ದಕ್ಕೆ ಅಳುತ್ತಿದ್ದೇನೆಂದು ತಿಳಿದ ಬಾಪು, ನನ್ನ ಒದ್ದೆ ಖಾಕಿ ಜಾಕೀಟು ಕಳಚಿ, ಸುತ್ತಿ ಟ್ರಂಕಿಗೆ ತುರುಕಿ, ಚಹಾ ಕುಡಿಸಿದ.

ಮಿರಜದಿಂದ ನೂಲಿನ ಲಾರಿಯಲ್ಲಿ ಗಾಡಿ ಹೇರಿಕೊಂಡು ಇಚಲಕರಂಜಿಗೆ ಬಂದಾಗ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಕರೆಂಟಿದ್ದೂ ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುವುದು ಸಣ್ಣ ಗೌರವವಲ್ಲ. ಮಾವನವರು ಗಡಹಿಂಗ್ಲಜದಿಂದ ಗುಲಾಬಿ ಪಟಕಾ ತಂದಿದ್ದರು. ಏನಾಯಿತೆಂದು ಕೇಳಲೇ ಇಲ್ಲ. ಭುಜ ಹಿಡಿದು ತಿರುಗಿಸಿದರು. ದಾರಿಯಲ್ಲಿ ಹಾಕಿಕೊಂಡಿದ್ದ ಹೊಸ ಅಂಗಿಯ ಬೆನ್ನು ಬೆಳ್ಳಗಿತ್ತು. ಅವರ ಕಣ್ಣಲ್ಲಿ ನೀರಾಡಿತು. ಎಲ್ಲರೆದುರು ನನ್ನ ತಲೆಗೆ ಪಟಕಾ ಸುತ್ತಿದರು. ಅಷ್ಟರಲ್ಲಿ ನೀಲವ್ವ ಒಗೆಯುವ ಬಟ್ಟೆ ತೆಗೆಯಲೆಂದು ಟ್ರಂಕು ಬಿಚ್ಚಿ, ಜಾಕೀಟನ್ನು ಎರಡೂ ಕೈಯಲ್ಲಿ ಹಿಡಿದು ಝಾಡಿಸಿದಳು. ಕೊರಳಿಂದ ಸೊಂಟದವರೆಗೆ ಬೆನ್ನೆಲ್ಲ ಕೆಂಪು ಮಣ್ಣು. ಥೇಟು ಅಖಾಡದ ಬಣ್ಣ. ಅದನ್ನು ಆವರೆಗೆ ನಾನೂ ನೋಡಿರಲಿಲ್ಲ.

ಮಾವನವರು ಉಗುರಿನಿಂದ ಒಂದಿಷ್ಟು ಕೆರೆದು ಮೂಸಿ ನೋಡಿದರು. ಆಮೇಲೆ ನನ್ನ ಪಟಕಾದ ಸೆರಗಿಗೆ ಕೈ ಹಾಕಿದರು, ಬಿಚ್ಚಲಿಕ್ಕೆ. ನಾನು ಎರಡೂ ಕೈಯಿಂದ ಪಟಕಾ ಹಿಡಿದುಕೊಂಡೆ. ಬಿದ್ದಿಲ್ಲ, ಮಡ್‌ಗಾರ್ಡ್ ಇಲ್ಲದ ಹಿಂದಿನ ಗಾಲಿ ಕೆಸರು ಹಾರಿಸಿದೆ ಎಂದು ನಾನೂ ಬಾಪುವೂ ಆಣೆ ಮಾಡಿ ಹೇಳಿದೆವು.

“ಗಾಲಿ ಕೆಳಗ ಐತಿ, ಬೆನ್ನ ಮ್ಯಾಲ ಐತಿ,” ಎಂದರು ಮಾವನವರು. “ಮಣ್ಣ ಏನ ನಿಚ್ಚಣಿಕಿ ಹಚಗೊಂಡ ಏರಿತೇನ್ರಿ?”

ಓಣಿ ಅವರ ಕಡೆಗಿತ್ತು. ಹುಪರಿಗೆ ಯಾರನ್ನೋ ಕಳಿಸುವ ಮಾತೂ ಬಂತು. ಕೊನೆಗೆ ಅವರೇ, ನ್ಯಾಯ ಎಂದರೆ ನ್ಯಾಯ, ನಾನೇ ಗಾಡಿಯ ಮೇಲೆ ಕುಳಿತು ನೋಡುತ್ತೇನೆ ಎಂದು ಧೋತರದ ಚುಂಗು ಎತ್ತಿ ಕಟ್ಟಿದರು. ಚಿತ್ತಿ ಮಳೆ ಹೊಡೆದು ಓಣಿಯ ಕೊನೆಯ ಬಯಲು ಕರಿ ಕೆಸರಾಗಿತ್ತು. ನಾನು ಮುಂದೆ, ಮಾವನವರು ಉದ್ದ ಸೀಟಿನ ಹಿಂದೆ. ಕೆಸರು ಹಾರದಿದ್ದರೆ ಗಾಡಿ ಹೋಯಿತು, ಮಾವನವರು ಹಾರಿದರೆ ಸಂಸಾರವೇ ಹೋಯಿತು. ಅವರು ನನ್ನ ಸೊಂಟಕ್ಕೆ ಹಾಕಿದ ಪಟ್ಟಿನಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು. ಅವರು ನಿಜವಾಗಿ ಕುಸ್ತಿ ಆಡಿದ್ದರೆಂದು ನನಗೆ ನಂಬಿಕೆ ಬಂದದ್ದು ಆಗಲೇ. ಒಂದು ಸುತ್ತು ಹಾಕಿ ನಿಲ್ಲಿಸಹೋದರೆ ಕಿವಿಯಲ್ಲಿ, ಇನ್ನೊಂದ ಸುತ್ತ ಎಂದರು. ಅದು ಮುಗಿದ ಮೇಲೆ, ಜೋರ ಬಿಡ್ರಿ ಎಂದರು. ಬಿಟ್ಟೆ.

ಓಣಿಯ ಮುಂದೆ ಇಳಿದವರು ತಮ್ಮ ಎದೆ ನೋಡಿಕೊಂಡರು, ತೋಳು ನೋಡಿಕೊಂಡರು. ಬಿಳಿ ಜುಬ್ಬಾ ಬಿಳಿಯಾಗೇ ಇತ್ತು. “ನೋಡ್ರಿ, ಒಂದ ಹನಿ ಇಲ್ಲ. ಅಳಿಯಾರ ಸುಳ್ಳ ಹೇಳ್ಯಾರ,” ಎಂದು ಜನಕ್ಕೆ ತೋರಿಸಿ, ನನ್ನ ಪಟಕಾ ಬಿಚ್ಚಲು ನನ್ನ ಕಡೆ ತಿರುಗಿದರು. ತಿರುಗಿದಾಗ ಓಣಿಗೆ ಅವರ ಬೆನ್ನು ಕಂಡಿತು. ಸೊಂಟದಿಂದ ಪಟಕಾದ ತುದಿಯವರೆಗೆ ಎಮ್ಮೆಯ ಬೆನ್ನಿನಷ್ಟು ಕರಿ. ಜನ್ಮವಿಡೀ ಮಣ್ಣು ಕಾಣದ ಬೆನ್ನು! ಯಾರೂ ನಗಲಿಲ್ಲ. ನಕ್ಕರೆ ಏನಾದೀತೆಂದು ಎಲ್ಲರಿಗೂ ಗೊತ್ತಿತ್ತು. ಹೇಳುವವರು ಯಾರು? ನಾನಂತೂ ಅಲ್ಲ.

ನೀಲವ್ವ ಮೆಟ್ಟಿಲಿಳಿದು ಬಂದಳು. “ಅಪ್ಪಾ, ಆ ಜುಬ್ಬಾ ಬಿಚ್ಚಿ ಕೊಡು,” ಎಂದಳು ತಣ್ಣಗೆ. “ಹೆಂಗೂ ಇವರ ಜಾಕೀಟ ಒಗಿಯೂದೈತಿ. ಎರಡೂ ಕೂಡಿ ಒಗೀತೇನಿ.”

ಅವರು ಬಿಚ್ಚಿದರು, ನೋಡಿದರು. ಮಗಳ ಕೈಯಿಂದ ಜಾಕೀಟನ್ನೂ ತೆಗೆದುಕೊಂಡರು. ಒಂದು ಕೈಯಲ್ಲಿ ಸಿಲೋನಿನ ಕೆಂಪು, ಒಂದು ಕೈಯಲ್ಲಿ ಇಚಲಕರಂಜಿಯ ಕರಿ. ನನ್ನ ಬೆನ್ನು ಸೋತಿದ್ದರೆ ಅವರ ಬೆನ್ನೂ ಸೋತಂತೆ, ಅದೂ ಸ್ವಂತ ಅಳಿಯನ ಓಣಿಯಲ್ಲಿ. ಎರಡನ್ನೂ ಮಗಳ ಕೈಗೆ ಕೊಟ್ಟರು.

“ಎದುರಾಳಿ ಹಚ್ಚಿದ್ರ ಅಷ್ಟ ಅದು ಮಣ್ಣ,” ಎಂದರು. “ಗಾಲಿ ಹಾರಿಸಿದ್ದು ಮಣ್ಣಲ್ಲ.”

ಹೀಗೆ ಗಾಡಿ ಉಳಿಯಿತು. ಉಳಿದದ್ದು ಯಾವ ಅವತಾರದಲ್ಲಿ ಎಂದೂ ಹೇಳಬೇಕು. ಮುಂದಿನ ವಾರವೇ ಮಾವನವರು ಗಡಹಿಂಗ್ಲಜದಲ್ಲಿ ಬೆಲ್ಲದ ಕೊಪ್ಪರಿಗೆ ಮಾಡುವವನನ್ನು ಹಿಡಿದು ಒಂದು ಹಿಂದಿನ ಮಡ್‌ಗಾರ್ಡ್ ಮಾಡಿಸಿದರು. ಕೊಪ್ಪರಿಗೆಯ ತಗಡು, ಕೊಪ್ಪರಿಗೆಯ ಅಗಲ. ಅದನ್ನು ಕೂರಿಸುವಾಗ ಬಾಪು ಮುಖ ಅತ್ತ ತಿರುಗಿಸಿಕೊಂಡಿದ್ದ. ಆಮೇಲೆ ಕೊಲ್ಲಾಪುರ ಸೀಮೆಯಲ್ಲಿ ಎಲ್ಲಿ ಕುಸ್ತಿಯಿದ್ದರೂ ಮಾವನವರು ಹಿಂದೆ, ನಾನು ಮುಂದೆ. ಆ ತಗಡು, ಆ ಮಾವ, ಇಳಿಯದೆ ಉಳಿದ ನನ್ನ ತುಪ್ಪ, ಇವನ್ನೆಲ್ಲ ಹೊತ್ತ ಗಾಡಿ ಕಬ್ಬಿನ ಚಕ್ಕಡಿಗೂ ದಾರಿ ಬಿಟ್ಟುಕೊಡುತ್ತದೆ. ರೇಸಿನ ಮಾತನ್ನು ನಾನೂ ಎತ್ತಲಿಲ್ಲ, ಗಾಡಿಯೂ ಎತ್ತಲಿಲ್ಲ.

ಒಂದು ದಿನ ಮಾವನವರು ಒಳಗೆ ಚಹಾ ಕುಡಿಯುತ್ತಿದ್ದಾಗ ನೀಲವ್ವ ಮಗ್ಗದ ಸದ್ದಿನ ಮೇಲೆ ಕೂಗಿ ಕೇಳಿದಳು, ಅಲ್ಲ, ಆ ರೇಸಿನಲ್ಲಿ ನಿಮ್ಮ ಹಿಂದೆ ಎಷ್ಟು ಮಂದಿ ಇದ್ದರು ಅಂತ. ಹೆಂಡತಿಗೆ ಸುಳ್ಳು ಹೇಳಬಾರದೆಂದು ನಾನೂ ಗಂಟಲು ಕಿತ್ತು ಕೂಗಿದೆ: “ಯಾರೂ ಇರಲಿಲ್ಲ! ಆಂಬುಲೆನ್ಸ್ ಒಂದ ಇತ್ತು!” ಆ ಹೊತ್ತಿಗೇ ಕರೆಂಟು ಹೋಗಬೇಕೆ? ಆಂಬುಲೆನ್ಸು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಯಿತು. ಒಳಗೆ ಚಹಾದ ಬಸಿ ಕೆಳಗಿಟ್ಟ ಸದ್ದಾಯಿತು. ಮಾವನವರು ಹೊರಗೆ ಬಂದು ನನ್ನನ್ನು ನೋಡಿ, ಮತ್ತೆ ಒಳಗೆ ಹೋಗಿ ಚಹಾ ಮುಗಿಸಿದರು. ಮುಂದಿನ ಕುಸ್ತಿಯಲ್ಲಿ ನಾಲ್ಕು ಜನರ ನಡುವೆ ನನ್ನನ್ನು ಎಳೆದು ನಿಲ್ಲಿಸಿ ಹೇಳಿದರು: “ಇವರು ನಮ್ಮ ಅಳಿಯಾರು. ಪರದೇಶದಾಗ ಆಡಿ ಬಂದಾರ, ಬೆನ್ನಿಗೆ ಮಣ್ಣ ಹತ್ತಿಲ್ಲ. ನಾಕ ಗಾಲಿ ಮೋಟಾರನ್ನೂ ಹಿಂದ ಹಾಕ್ಯಾರ.”

ಅಂದಿನಿಂದ ಜನ ಹೌದ್ರಿ ಹೌದ್ರಿ ಎಂದು ನನ್ನ ಭುಜ ಹಿಡಿದು ತಿರುಗಿಸುತ್ತಾರೆ. ನಾನು ಸುಮ್ಮನೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಮುಖ ತೋರಿಸುವುದಕ್ಕಿಂತ ಅದೇ ವಾಸಿ.